ಗುಬ್ಬಿ ನಕ್ಕ ತಪ್ಪಿಗೆ

ಶಾಲಾ ಪ್ರವೇಶದ ಮಾನ್ಯ ಅಧಿಕಾರಿಗಳೇ,

ನನ್ನ ಅವಳಿ ಹೆಣ್ಣುಮಕ್ಕಳಲ್ಲಿ ಒಬ್ಬಳು ನಗುವುದನ್ನು ನಿಲ್ಲಿಸಿದ್ದಾಳೆ, ಮತ್ತು ಅದಕ್ಕೆ ನೀವೇ ಕಾರಣ. ಇದನ್ನು ಹೇಳಲೆಂದೇ ನಿಮ್ಮ ಕಚೇರಿಯ ಕಿಟಕಿಯ ಮುಂದೆ ಸರದಿಯಲ್ಲಿ ನಿಂತಿದ್ದೆ. "ಅದೆಲ್ಲ ನಮ್ಮ ವ್ಯಾಪ್ತಿಗೆ ಬರಲ್ಲಮ್ಮ, ಮುಂದಿನೋರು ಬನ್ನಿ" ಎಂದರು ಕಿಟಕಿಯೊಳಗಿನ ಗುಮಾಸ್ತರು. ಮಗುವಿನ ನಗು ಯಾರ ವ್ಯಾಪ್ತಿಗೆ ಬರುತ್ತದೆ ಎಂದು ಕೇಳಬೇಕು ಅನ್ನುವಷ್ಟರಲ್ಲಿ ಹಿಂದಿದ್ದವರು ನನ್ನನ್ನು ಪಕ್ಕಕ್ಕೆ ಸರಿಸಿ ಕಿಟಕಿಗೆ ಮುಖ ತೂರಿಸಿಯಾಗಿತ್ತು. ಅದಕ್ಕೇ ಈಗ ಊರಿಗೆಲ್ಲ ಕೇಳುವಂತೆ ಈ ಬಹಿರಂಗ ಪತ್ರದಲ್ಲಿ ಹೇಳುತ್ತಿದ್ದೇನೆ.

ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವಳು. ನನ್ನ ಗಂಡ ಸಿಟಿ ಬಸ್ಸಿನ ಚಾಲಕ. ಬೆಳಗಿನ ಮೊದಲ ಬಸ್ಸು ಅವರದೇ, ಹಾಗಾಗಿ ಮಕ್ಕಳು ಏಳುವ ಹೊತ್ತಿಗೆ ಅವರು ಮನೆಯಲ್ಲಿರುವುದಿಲ್ಲ. ಜೊತೆಗೆ ನನ್ನ ಅತ್ತೆ. ಅವರ ಮಂಡಿಗಳಿಗೆ ನಮ್ಮ ಬೀದಿಯ ತಿರುವೇ ಪ್ರಪಂಚದ ಕೊನೆ. ಎರಡು ಕೋಣೆ, ಒಂದು ಅಡುಗೆಮನೆ, ಅದರಲ್ಲೊಂದು ಮೇಜು. ಊಟ, ಇಸ್ತ್ರಿ, ಜಗಳ, ಮಕ್ಕಳು ಚಿತ್ರ ಬಿಡಿಸುವುದು ಎಲ್ಲ ಅದರ ಮೇಲೆಯೇ. ಮಕ್ಕಳು ನೋಡಲು ಒಂದೇ ಅಚ್ಚು. ಒಬ್ಬಳು ಕಣ್ಣು ಬಿಟ್ಟ ಗಳಿಗೆಯಿಂದ ಮಾತಾಡುತ್ತಾಳೆ, ಅವಳು ಗಿಣಿ. ಇನ್ನೊಬ್ಬಳು ಬೇರೆಯವರ ಮುಂದೆ ತುಟಿಪಿಟಕ್ ಎನ್ನುವುದಿಲ್ಲ, ಅವಳು ಗುಬ್ಬಿ. ಗುಬ್ಬಿಗೆ ಏನು ಬೇಕೆಂಬುದನ್ನು ಅಂಗಡಿಯವನಿಗೂ ಡಾಕ್ಟರಿಗೂ ಗಿಣಿಯೇ ಹೇಳುತ್ತಾಳೆ. ಹೇಳಿ, "ಹೌದಲ್ವೇನೇ?" ಎಂದು ತಿರುಗಿ ನೋಡುತ್ತಾಳೆ. ಗುಬ್ಬಿ ತಲೆಯಾಡಿಸುತ್ತಾಳೆ. ಹುಟ್ಟಿದಾಗಿನಿಂದ ನಡೆದು ಬಂದ ವ್ಯವಸ್ಥೆ ಇದು.

ಶಾಲೆಗೆ ಸೇರಿಸುವ ವರ್ಷ ಬಂತು. ತಂದೆ ತಾಯಿ ಅಂದಮೇಲೆ ತಲೆ ಕೆಡಿಸಿಕೊಳ್ಳಲೇಬೇಕಲ್ಲ, ನಾವೂ ಕೆಡಿಸಿಕೊಂಡೆವು. ಬಣ್ಣದ ಗೋಡೆಗಳ ದೊಡ್ಡ ಖಾಸಗಿ ಶಾಲೆಯನ್ನು ಹೊರಗಿನಿಂದ ನೋಡಿಕೊಂಡು ಬಂದೆವು; ಒಳಗೆ ಹೋಗಿ ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಮನೆಯಲ್ಲೇ ಕಲಿಸೋಣವೇ ಎಂದರೆ, "ನಾನು ಕಲಿಸಿದ್ರೆ ಬೈಗುಳ ಒಂದೇ ಬರೋದು" ಎಂದು ಅತ್ತೆ ಮೊದಲೇ ಕೈ ಚೆಲ್ಲಿದರು. ಉಳಿದದ್ದು ನಮ್ಮ ಬೀದಿಯ ಶಾಲೆ. ಅದರ ಗಂಟೆ ನಮ್ಮ ಅಡುಗೆಮನೆಗೆ ಕೇಳುತ್ತದೆ. ಅಂಗಳದಲ್ಲಿ ಒಂದು ಮರವಿದೆ, ಒಂದನೇ ತರಗತಿಗೆ ಮಕ್ಕಳ ಮೂಗು ಒರೆಸಲು ಹೇಸದ ಒಬ್ಬ ಟೀಚರ್ ಇದ್ದಾರೆ. ಅತ್ತೆಯ ಮಂಡಿಗೂ ಆ ದೂರ ಒಪ್ಪಿಗೆಯಾಗಿತ್ತು. ಇದಕ್ಕಿಂತ ಇನ್ನೇನು ಬೇಕು? ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದರೆ ಗಿಣಿಯ ಪಕ್ಕದಲ್ಲಿ ಗುಬ್ಬಿಯೂ ನಿಧಾನಕ್ಕೆ ಬಾಯಿ ಬಿಡುತ್ತಾಳೆ ಎಂದು ನಾನು ಲೆಕ್ಕ ಹಾಕಿದ್ದೆ.

ಆದರೆ ಸೀಟಿಗಿಂತ ಮಕ್ಕಳು ಜಾಸ್ತಿ. ಹಾಗಾಗಿ ನೀವು ಲಾಟರಿ ಎತ್ತಿದಿರಿ. ನೆನಪಿದೆಯೇ, ಮಾನ್ಯರೇ? ವೇದಿಕೆಯ ಮೇಲೆ ಗಾಜಿನ ಡಬ್ಬ ಇಟ್ಟು, ತೋಳು ಮಡಚಿ, ಜಾದೂಗಾರನ ಹಾಗೆ ಎರಡೂ ಅಂಗೈಗಳನ್ನು ಜನರಿಗೆ ತೋರಿಸಿ ಚೀಟಿ ಎತ್ತಿದಿರಿ. ಎಂಥ ನಿಷ್ಪಕ್ಷಪಾತ! ಜನ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಗಿಣಿಯ ಸಂಖ್ಯೆ ಕೂಗಿದಾಗ ಇಬ್ಬರೂ ಕೈ ಹಿಡಿದುಕೊಂಡು ಕುಣಿದರು. ಒಂದು ಚೀಟಿ ಬಂದರೆ ಒಬ್ಬಳೇ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ಗುಬ್ಬಿಯ ಚೀಟಿ ಡಬ್ಬದ ತಳದಲ್ಲೇ ಉಳಿಯಿತು. ಅವಳಿಗೆ ಊರಿನ ಆ ತುದಿಯ, ಎರಡು ಬಸ್ಸು ಬದಲಾಯಿಸಿ ಹೋಗಬೇಕಾದ ಶಾಲೆ ಸಿಕ್ಕಿತು. "ಇಬ್ಬರಿಗೂ ಸೀಟು ಕೊಟ್ಟಿದ್ದೇವಲ್ಲ, ಇನ್ನೇನು ತಕರಾರು?" ಎಂದಿರಿ. ಆ ತುದಿಗೆ ಕರೆದೊಯ್ಯಲು ಇರುವುದು ನಾನೊಬ್ಬಳೇ, ನನ್ನ ಅಂಗಡಿ ತೆರೆಯುವುದೂ ಅದೇ ಹೊತ್ತಿಗೆ ಎಂದೆ. ನಿಯಮದಲ್ಲಿ ಅವಳಿ ಎಂಬ ಪದವೇ ಇಲ್ಲ ಎಂದಿರಿ. ಕನ್ನಡಕದ ಅಂಗಡಿಗೆ ಬಂದು ಒಂದೇ ಗಾಜು ಹಾಕಿಕೊಡಿ ಎಂದು ಇದುವರೆಗೆ ಯಾರೂ ಕೇಳಿಲ್ಲ. ನೀವು ಬಂದರೆ ಕೇಳುತ್ತೀರೇನೋ.

ಮುಂದೆ ಆದದ್ದನ್ನು ನಿಮ್ಮ ವರದಿಯಲ್ಲಿ "ಸಂಚು" ಎಂದು ಕರೆದಿದ್ದೀರಿ. ಆ ಸಂಚು ಹೂಡಿದವಳಿಗೆ ಆಗಿನ್ನೂ ಚಪ್ಪಲಿಯ ಎಡ ಬಲ ಗೊತ್ತಿರಲಿಲ್ಲ. ದೂರದ ಶಾಲೆಗೆ ಗುಬ್ಬಿಯನ್ನು ಕರೆದೊಯ್ಯಲು ಯಾರಾದರೂ ಸಿಗುವವರೆಗೆ ಅವಳು ಮನೆಯಲ್ಲೇ ಇರಲಿ ಎಂದುಕೊಂಡಿದ್ದೆವು. ಮೊದಲ ದಿನ ಗಿಣಿ ಹೋದಳು. ಬಂದವಳು ಚೀಲವನ್ನೂ ಇಳಿಸದೆ ಗುಬ್ಬಿಯನ್ನು ಮೇಜಿನ ಮುಂದೆ ಕೂರಿಸಿ ಇಡೀ ದಿನವನ್ನು ಒಪ್ಪಿಸಿದಳು: ಟೀಚರ್ ಏನಂದರು, ಯಾರು ಅತ್ತರು, ಯಾರ ಪಕ್ಕ ಯಾರು ಕೂತರು. ಮಾರನೆಯ ಬೆಳಿಗ್ಗೆ ಸಮವಸ್ತ್ರ ಹಾಕಿ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದವಳು ಗುಬ್ಬಿ!

"ಇವತ್ತು ಅವಳ ಪಾಳಿ ಅಮ್ಮ" ಎಂದಳು ಗಿಣಿ, ಹಾಸಿಗೆಯಿಂದಲೇ. "ನಾನು ನಿನ್ನೆ ಹೋಗಿದ್ನಲ್ಲ."

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕೋಲು ಹಿಡಿದು ಎದ್ದಿದ್ದರು. "ಸೀಟು ಒಂದು ಅಂದ್ರು, ಮಗು ಒಂದೇ ಅಂತ ಯಾರಾದ್ರೂ ಅಂದ್ರಾ? ನಡಿಯೇ ಪುಟ್ಟಿ, ಗಂಟೆ ಹೊಡೀತಾ ಇದೆ" ಎಂದು ಹೊರಟೇಬಿಟ್ಟರು. ನಾನು ತಡೆಯಲಿಲ್ಲ. ತಡೆಯಬೇಕಿತ್ತು ಎಂದು ಇವತ್ತಿಗೂ ಅನಿಸುವುದಿಲ್ಲ.

ಹೀಗೆ ಒಂದು ದಿನ ಅವಳು, ಒಂದು ದಿನ ಇವಳು. ಸಮವಸ್ತ್ರ ಒಂದು, ಚೀಲ ಒಂದು, ಹಾಜರಿಗೆ ಹೆಸರು ಒಂದು. ಮನೆಯಲ್ಲಿ ಒಂದೇ ಕಟ್ಟುನಿಟ್ಟು: ಹೋಗಿ ಬಂದವಳು ಎಲ್ಲವನ್ನೂ ಹೇಳಬೇಕು, ಒಂದಕ್ಷರ ಬಿಡದೆ, ಇಲ್ಲದಿದ್ದರೆ ಮರುದಿನ ಹೋಗುವವಳು ಸಿಕ್ಕಿಬೀಳುತ್ತಾಳೆ. ಮಾನ್ಯರೇ, ಹೇಳಲೇಬೇಕಾದ ದಿನ ಬಂದಾಗ ಗುಬ್ಬಿ ಮಾತು ಕಲಿತಳು! ಬೇರೆಯವರ ಮುಂದೆ ಬಾಯಿ ಬಿಡದ ಮಗು ಮೇಜಿನ ಮುಂದೆ ನಿಂತು ಟೀಚರ ಕೆಮ್ಮನ್ನೂ ಸೇರಿಸಿ ಪಾಠ ಹೇಳುತ್ತಿತ್ತು. ನನ್ನ ಗಂಡ ಸುಸ್ತಾಗಿ ಬಂದವರು ಅಲ್ಲೇ ನೆಲದ ಮೇಲೆ ಕೂತು, "ಟೀಚರ್, ನಂಗೂ ಸೀಟು ಕೊಡಿ" ಎಂದರೆ, "ಲಾಟರೀಲಿ ಬನ್ನಿ!" ಎಂದು ಗದರುತ್ತಿತ್ತು. ಅಷ್ಟು ಖುಷಿಯ ಸಂಜೆಗಳನ್ನು ನಾವು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಪೋಷಕರ ಸಭೆಯಲ್ಲಿ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದರು. "ನಿಮ್ಮ ಮಗಳು ತುಂಬ ಜಾಣೆ. ಆದ್ರೆ ಒಂದಿನ ಕ್ಲಾಸನ್ನೇ ತಲೆ ಮೇಲೆ ಹೊತ್ಕೊಳ್ತಾಳೆ, ಮಾರನೇ ದಿನ ಮುದುರಿ ಕೂರ್ತಾಳೆ. ಮನೇಲೇನಾದ್ರೂ ತೊಂದ್ರೆನಾ?" ಎಂದರು. "ಅವರಪ್ಪನೂ ಹಾಗೇ" ಎಂದೆ.

ನಮ್ಮನ್ನು ಸಿಕ್ಕಿಬೀಳಿಸಿದ್ದು ಒಂದು ಹಲ್ಲು. ಗಿಣಿಯ ಮುಂದಿನ ಹಲ್ಲು ಶಾಲೆಯಲ್ಲೇ ಬಿತ್ತು. ಟೀಚರೇ ಅವಳ ಬಾಯಿ ತೊಳೆಸಿ, ಹಲ್ಲನ್ನು ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟರು, ಇಡೀ ತರಗತಿ ಸುತ್ತ ನೆರೆದು ನೋಡಿತು. ಮರುದಿನ ಗುಬ್ಬಿಯ ಪಾಳಿ. ಅವಳ ಬಾಯಿ ತುಂಬ ಹಲ್ಲು. ಬೇಡ, ಇವತ್ತೂ ಗಿಣಿಯೇ ಹೋಗಲಿ ಎಂದೆ. ಗುಬ್ಬಿಯ ಕಣ್ಣು ತುಂಬಿತು. ಅವತ್ತು ಮರದ ಕೆಳಗೆ ಕಥೆ ಹೇಳುವ ದಿನ, ಅದಕ್ಕಾಗಿ ಅವಳು ಕಾದಿದ್ದಳು. ಕೊನೆಗೆ ಬಾಗಿಲಲ್ಲಿ ಅವಳ ಗಲ್ಲ ಹಿಡಿದು ಹೇಳಿದೆ: "ಇವತ್ತೊಂದಿನ ನಗಬೇಡ ಕಂದ. ಏನೇ ಆದ್ರೂ ಬಾಯಿ ಬಿಡಬೇಡ." ಹೇಳದೆ ಸುಮ್ಮನಿರುವುದು ಗುಬ್ಬಿಗೆ ಹೊಸದೇ? ಅವಳು ಗಟ್ಟಿಯಾಗಿ ತಲೆಯಾಡಿಸಿ ಹೋದಳು.

ಮಧ್ಯಾಹ್ನದವರೆಗೂ ತಡೆದುಕೊಂಡಿದ್ದಾಳೆ. ಆಮೇಲೆ ಮುಖ್ಯೋಪಾಧ್ಯಾಯಿನಿ ತರಗತಿಗೆ ಬಂದು ಗಂಭೀರವಾಗಿ ಕುರ್ಚಿಯ ಮೇಲೆ ಕೂತಿದ್ದಾರೆ, ಕುರ್ಚಿ ದೊಡ್ಡದಾಗಿ ಒಂದು ಸದ್ದು ಮಾಡಿದೆ. ಎಂಥ ಸದ್ದು ಎಂದು ಬಹಿರಂಗವಾಗಿ ಬರೆಯುವಂತಿಲ್ಲ. ಮಕ್ಕಳು ಬಿದ್ದು ಬಿದ್ದು ನಕ್ಕರು. ಗುಬ್ಬಿಯೂ ನಕ್ಕಳು. ಆ ತರಗತಿಯಲ್ಲಿ ಅವಳು ಬಾಯಿ ತುಂಬ ನಕ್ಕದ್ದು ಅದೇ ಮೊದಲು ಎಂದು ಟೀಚರ್ ಆಮೇಲೆ ನನಗೆ ಹೇಳಿದರು. ಸಂತೋಷ ತಡೆಯಲಾರದೆ ಅವರು, "ಅರೆ, ನಿನ್ನ ಹಲ್ಲು ಬಂದೇಬಿಡ್ತಾ!" ಎಂದರಂತೆ. ಅಂದ ಮೇಲೆ ಅರ್ಥವಾಯಿತು. ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿಯವರಿಗೂ ಅರ್ಥವಾಗಿತ್ತು. "ನಾನು ಬಾಯಿ ಮುಚ್ಕೊಂಡಿರ್ಬೇಕಿತ್ತು" ಎಂದು ಆ ಟೀಚರ್ ಗೇಟಿನಲ್ಲಿ ನನ್ನ ಕೈ ಹಿಡಿದು ಅತ್ತರು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ.

ನನ್ನ ದೂರು ನಿಮ್ಮ ಮೇಲೆ. ನೀವು ನನ್ನನ್ನು ಕರೆಸಿ, ಮಕ್ಕಳಿಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ, "ಯಾರು ಅಸಲಿ?" ಎಂದು ಕೇಳಿದಿರಿ. ಹೌದು, ಹಾಗೆಯೇ ಕೇಳಿದಿರಿ. ಗುಬ್ಬಿ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಆ ಒಂದು ಹೆಜ್ಜೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ನೀವು ಮಾತ್ರ "ಹಾಂ, ಸರಿ" ಎಂದು ಬರೆದುಕೊಂಡಿರಿ. ಇಲಾಖೆಯ ಕಣ್ಣಿಗೆ ಮಣ್ಣೆರಚಿದ್ದನ್ನು ಈ ಬಾರಿ ಕ್ಷಮಿಸಿ ಗಿಣಿಯ ಸೀಟನ್ನು ಉಳಿಸಿಕೊಟ್ಟಿರಿ, ದೊಡ್ಡ ಮನಸ್ಸು. ಗುರುತು ಖಚಿತಪಡಿಸಿಕೊಂಡು ಒಳಬಿಡತಕ್ಕದ್ದು ಎಂದು ಆಜ್ಞೆಯನ್ನೂ ಮಾಡಿದಿರಿ. ಅಂದಿನಿಂದ ಗಿಣಿ ಪ್ರತಿ ಬೆಳಿಗ್ಗೆ ಗೇಟಿನಲ್ಲಿ ಬಾಯಿ ತೆರೆದು ಹಲ್ಲಿನ ಸಂದಿ ತೋರಿಸುತ್ತಾಳೆ, ಕಾವಲುಗಾರ ಬಗ್ಗಿ ನೋಡಿ ಒಳಗೆ ಬಿಡುತ್ತಾನೆ. ಹೊಸ ಹಲ್ಲು ಹುಟ್ಟಿದ ಮೇಲೆ ಏನು ಮಾಡುತ್ತೀರಿ ಎಂಬುದಕ್ಕೆ ನಿಯಮ ಸಿದ್ಧವಿದೆಯೇ?

ಈಗ ನಾನು ಗುಬ್ಬಿಯನ್ನು ಎರಡು ಬಸ್ಸು ಹತ್ತಿಸಿ ಆ ತುದಿಗೆ ಬಿಟ್ಟು ಅಂಗಡಿಗೆ ಓಡುತ್ತೇನೆ. ತಡವಾಗುತ್ತದೆ, ಮಾಲೀಕರು ಗಡಿಯಾರ ನೋಡುತ್ತಾರೆ, ನಾನು ತಲೆ ತಗ್ಗಿಸಿ ಗಾಜು ಎತ್ತಿಕೊಳ್ಳುತ್ತೇನೆ. ಅದಿರಲಿ, ಅದು ನನ್ನ ಪಾಡು. ಆ ಶಾಲೆಯವರು ಮೊನ್ನೆ, "ಈ ಮಗೂಗೆ ಮಾತು ಬರುತ್ತಾ?" ಎಂದು ಕೇಳಿದರು. ಪಾಠ ಹೇಳಿಕೊಂಡು, ಅಪ್ಪನನ್ನೇ ಗದರುತ್ತಿದ್ದ ನನ್ನ ಮಗುವಿನ ಬಗ್ಗೆ! ಮನೆಯಲ್ಲಿ ಗಿಣಿ ಸಂಜೆ ಹೇಳಲು ಶುರು ಮಾಡಿದರೆ ಗುಬ್ಬಿ, "ನಂಗೆ ಬೇಡ" ಎಂದು ಎದ್ದು ಹೋಗುತ್ತಾಳೆ. ಈಚೆಗೆ ಗಿಣಿಯೂ ಹೇಳುವುದನ್ನು ಬಿಟ್ಟಿದ್ದಾಳೆ. ಯಾರಾದರೂ ತಮಾಷೆ ಮಾಡಿದರೆ ಗುಬ್ಬಿ ಮೊದಲು ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ನಿಮ್ಮ ಲಾಟರಿ, ನಿಮ್ಮ ನಿಯಮ, ನಿಮ್ಮ ಆಜ್ಞೆ, ಇದು ಯಾವುದೂ ಅವಳಿಗೆ ಗೊತ್ತಿಲ್ಲ. ಅವಳಿಗೆ ಗೊತ್ತಿರುವುದು ಇಷ್ಟೇ: ಅಮ್ಮ ನಗಬೇಡ ಅಂದಿದ್ದಳು, ನಾನು ನಕ್ಕೆ, ಎಲ್ಲ ಹಾಳಾಯಿತು.

ನಿನ್ನ ತಪ್ಪಲ್ಲ ಎಂದು ನಾನು ಎಷ್ಟು ಸಲ ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದರೂ ಅವಳು ನಂಬುವುದಿಲ್ಲ. ನಗಬೇಡ ಎಂದವಳೂ ನಾನೇ ಅಲ್ಲವೇ?

ಇನ್ನೊಂದು ವಿಷಯ. ಗಿಣಿಯ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿಯ ಮನೆಯವರು ಊರು ಬಿಟ್ಟು ಹೋದರು. ಆ ಜಾಗ ಈಗ ಖಾಲಿ. ಅದೇ ಬೆಂಚು, ಅದೇ ಶಾಲೆ, ಅತ್ತೆಯ ಮಂಡಿಗೆ ಒಪ್ಪಿಗೆಯಾದ ಅದೇ ದೂರ. ಕೇಳಿದರೆ, ವರ್ಷದ ನಡುವೆ ತುಂಬಲು ಬರುವುದಿಲ್ಲ, ಮುಂದಿನ ಲಾಟರಿಗೆ ಬನ್ನಿ ಎಂದಿರಿ. ಖಾಲಿ ಬೆಂಚಿಗೆ ಪಾಠ ಹೇಳಿದರೆ ನಡೆಯುತ್ತದೆ, ನನ್ನ ಮಗುವಿಗೆ ಹೇಳಿದರೆ ನಡೆಯುವುದಿಲ್ಲ, ಅಲ್ಲವೇ? ಆ ಜಾಗವನ್ನು ಗುಬ್ಬಿಗೆ ಕೊಡಿ. ಇದು ನನ್ನ ಬೇಡಿಕೆ. ಭಿಕ್ಷೆ ಎಂದು ಬೇಕಾದರೂ ಬರೆದುಕೊಳ್ಳಿ, ನನಗೆ ಮಾನದ ಚಿಂತೆ ಉಳಿದಿಲ್ಲ.

ಕೊಡಲಾಗದಿದ್ದರೆ ಇನ್ನೊಂದು ಕೆಲಸವನ್ನಾದರೂ ಮಾಡಿ. ನಿನ್ನೆ ಗುಬ್ಬಿಯ ಮುಂದಿನ ಹಲ್ಲು ಬಿತ್ತು. ತಾನಾಗಿ ಬಿದ್ದದ್ದಲ್ಲ; ಕೆಲವು ದಿನಗಳಿಂದ ನಾಲಿಗೆಯಿಂದ ನೂಕಿ ನೂಕಿ, ಕೊನೆಗೆ ಬೆರಳು ಹಾಕಿ ಅವಳೇ ಕಿತ್ತುಕೊಂಡಿದ್ದಾಳೆ. ತುಟಿಯಲ್ಲಿ ರಕ್ತ, ಅಂಗೈಯಲ್ಲಿ ಹಲ್ಲು. ಅದನ್ನು ಹಿಡಿದುಕೊಂಡು ಅಡುಗೆಮನೆಗೆ ಬಂದು, ಗಿಣಿಯನ್ನು ಪಕ್ಕಕ್ಕೆ ಎಳೆದು ನಿಲ್ಲಿಸಿಕೊಂಡು ನನ್ನನ್ನು ಕೇಳಿದಳು: "ಅಮ್ಮಾ, ಈಗ ಇಬ್ರೂ ಒಂದೇ ಥರ ಇದೀವಿ. ಈಗ ನಾನು ನಗಬಹುದಾ?"

ನಮ್ಮ ಮನೆ ಗಿಣಿಯ ಶಾಲೆ ಇರುವ ಬೀದಿಯಲ್ಲೇ ಇದೆ, ಯಾರನ್ನು ಕೇಳಿದರೂ ತೋರಿಸುತ್ತಾರೆ. ನೀವೇ ಬಂದು ಅವಳಿಗೆ ಹೇಳಿ.

ಇಂತಿ,
ಯಾರು ಅಸಲಿ ಎಂದು ನೀವು ಕೇಳಿದಾಗ
ಇಬ್ಬರೂ ಎಂದು ಕೂಗಿ ಹೇಳಲಾಗದೆ ನಿಂತಿದ್ದ ತಾಯಿ