ಮಂಚಕ್ಕೆ ಅಂಟಿಸಿದ ಚೀಟಿ

೧ ಆಗಸ್ಟ್ ೧೯೭೮, ಮಂಗಳವಾರ

ಖಾನಾಪುರದಿಂದ ಬೆಳಗಿನ ರೈಲಿನಲ್ಲಿ ಹನ್ನೊಂದು ಸ್ಪ್ಯಾನಿಶ್ ಪದ. ಮೇಸಾ, ಮೇಜು. ಕಾಮಾ, ಮಂಚ. ಅರ್ಮಾರಿಯೊ ಕಲಿಯಬೇಕಿರಲಿಲ್ಲ, ನಮ್ಮ ಅಲಮಾರಿಯೇ. ಬೆಳಗಾವಿ ಬರುವಷ್ಟರಲ್ಲಿ ಎರಡು ಮರೆತಿದ್ದೆ.

ರವಿವಾರ ಪೇಟೆಯ ರದ್ದಿ ಅಂಗಡಿಯಲ್ಲಿ ಈ ಸ್ಪ್ಯಾನಿಶ್ ಪಾಠಪುಸ್ತಕ ಸಿಗದಿದ್ದರೆ ಹಟ ಹುಟ್ಟುತ್ತಿರಲಿಲ್ಲ. ಇಂಗ್ಲಿಷ್ ಅನುವಾದದಲ್ಲಿ ಓದಿದ ಒಂದು ಸ್ಪ್ಯಾನಿಶ್ ಕಾದಂಬರಿಯ ವಿಧವೆ ಮನೆಯನ್ನು ಕೊನೆಯ ಸಲ ಸುತ್ತುತ್ತಾಳೆ. ಅನುವಾದಕ "ಸಾಮಾನು" ಎಂದು ಒಂದೇ ಮಾತಿನಲ್ಲಿ ದಾಟಿಸಿದ್ದಾನೆ. ಯಾವ ಸಾಮಾನು? ಮೂಲದಲ್ಲೇ ನೋಡಬೇಕು.

೫ ಆಗಸ್ಟ್, ಶನಿವಾರ

ಪುಸ್ತಕದ ಸಲಹೆ: ವಸ್ತುವಿನ ಮೇಲೇ ಹೆಸರು ಅಂಟಿಸಿ. ಮೈದಾ ಅಂಟು ಕಾಯಿಸಿದೆ. ನಮ್ಮ ಕೋಣೆ, ಪಡಸಾಲೆ, ಅಡುಗೆಮನೆ. ಹದಿನೇಳು ಚೀಟಿ. ಅತ್ತೆಯ ಮಂಚಕ್ಕೂ ಒಂದು. ಇವರು ನಕ್ಕರು. "ನನಗೊಂದು ಹಚ್ಚಬ್ಯಾಡ, ಆಫೀಸಿನ್ಯಾಗ ನಗತಾರ."

೬ ಆಗಸ್ಟ್, ರವಿವಾರ

ಉಳವಪ್ಪ ಭಾವ ಹಲಸಿಯಿಂದ ಬಂದರು. ಅಲ್ಲಿ ದಾಯಾದಿಗಳ ಪಾಲಿಗೆ ಪಂಚರಾಗಿ ಹೋಗಿದ್ದರು. ಎರಡು ದಿನ ಹಂಡೆ, ಕಪಾಟು, ಮಂಚಗಳಿಗೆಲ್ಲ ಪಾಲಿನ ಚೀಟಿ ಅಂಟಿಸಿ ಬಂದವರು. ಪಡಸಾಲೆಯಲ್ಲಿ ನಿಂತುಬಿಟ್ಟರು. ಚಪ್ಪಲಿ ಸಹ ಕಳಚಿರಲಿಲ್ಲ.

"ಗುರುಪಾದ, ಹೊರಗ ಬಾ. ನಾ ಎರಡ ದಿನ ಇರಲಿಲ್ಲ ಅಂದ್ರ ಮನಿ ಹಂಚಕೊಂಡ್ರೇನಪಾ?"

ಇವರ ಬದಲು ನಾನು ಪುಸ್ತಕ ತೋರಿಸಿದೆ.

"ಸ್ಪೇನದಾಗ ನಿಮ್ಮ ಬೀಗರು ಅದಾರೇನವಾ?" ಎಂದರು. ಆಮೇಲೆ ಮೆಲ್ಲಗೆ, "ನನ್ನ ಖೋಲ್ಯಾಗ ಒಂದೂ ಚೀಟಿ ಇಲ್ಲಲ್ಲ. ಯಾಕ?"

ಭಾವನ ಕೋಣೆಗೆ ನಾನು ಕಾಲಿಡುವುದಿಲ್ಲ. ಮದುವೆಯಾದಾಗಿನಿಂದ ರೂಢಿ. ಅದೇ ಈಗ ನಾವು ಪಾಲು ಮಾಡಿಕೊಂಡೆವು ಎಂಬುದಕ್ಕೆ ಪುರಾವೆ.

೭ ಆಗಸ್ಟ್

ಹದಿನಾರು ಕಿತ್ತೆ. ಅತ್ತೆ ತಮ್ಮದನ್ನು ಮುಟ್ಟಗೊಡಲಿಲ್ಲ. "ಇರಲಿ ಬಿಡ. ಈ ಮುದುಕಿ ಕಾಶವ್ವ ಯಾರ ಪಾಲಿಗೆ ಹೋಗತಾಳ ನೋಡೂಣು."

೧೮ ಆಗಸ್ಟ್, ಶುಕ್ರವಾರ

ಭಾವ ಬೇರೆ ಒಲೆ ಹೂಡಿಸಿದರು. ರವಿವಾರ ಊರ ಹಿರಿಯ ಬಾಳಪ್ಪನವರು ಬರುತ್ತಾರೆ, ಪಂಚಾಯ್ತಿಗೆ. ತಪ್ಪಾತು ಅಂತ ಕಾಲಿಗೆ ಬೀಳು ಎನ್ನುತ್ತಾರೆ ಇವರು. ಬೀಳಬಹುದು... ಯಾವ ತಪ್ಪಿಗೆ?

ಪುಸ್ತಕ ತೆರೆಯದೆ ಹನ್ನೆರಡು ದಿನ.

ಒಲೆ ಎರಡಾದರೆ ನಸುಕಿನಲ್ಲಿ ಒಂಬತ್ತು ಮಂದಿಗೆ ರೊಟ್ಟಿ ಬಡಿದು ಸಾಲೆಗೆ ರೈಲು ಹಿಡಿಯುವುದು ತಪ್ಪುತ್ತದೆ. ಈ ವಾಕ್ಯ ಹೊಡೆದುಹಾಕಬೇಕು. ಹಾಕಿಲ್ಲ.

೨೦ ಆಗಸ್ಟ್, ರವಿವಾರ, ಸಂಜೆ ೫

ಬಾಳಪ್ಪನವರು ಚಹಾ ಮುಗಿಸುವ ಮೊದಲೇ ತೀರ್ಪು ಹೇಳಿದರು. "ಕಾಗದದ ಚೂರಿಗೆ ಮನಿ ಒಡಿತಾರೇನೊ ಹುಚ್ಚಪ್ಪಾ? ಸಾಲಿ ಕಲಸಾಕಿ, ತಾನೂ ಏನೋ ಕಲಿಯಾಕ ಹಚ್ಚ್ಯಾಳ. ಮುಗೀತು."

ಭಾವ ತಲೆ ತಗ್ಗಿಸಿದರು. "ಅವ್ವ ಹೂಂ ಅಂದ್ರ ನಂದೂ ಹೂಂ."

ಅತ್ತೆ ಮಂಚದಿಂದ ಏಳಲಿಲ್ಲ. "ಕಾಂತಾ, ಚೀಟಿ ಮಾತ ಬಿಡು. ನಿನಗ ಬ್ಯಾರೆ ಆಗೂದು ಬೇಕೈತೇನು? ಖರೇ ಹೇಳ. ಇಲ್ಲ ಅಂದ್ರ ಇವತ್ತಿಂದ ಒಂದ ಒಲಿ."

ಇಲ್ಲ ಅನ್ನುವುದಷ್ಟೇ ಇತ್ತು. ಇವರು ನೋಡುತ್ತಿದ್ದರು. ಭಾವ ಸಹ, ಹದಿನೈದು ದಿನದಲ್ಲಿ ಮೊದಲ ಸಲ, ನಂಬಿಕೆಯಿಂದ. ನಾನು ಬಾಯಿ ತೆರೆದು, ಶುಕ್ರವಾರ ಇಲ್ಲಿ ಹೊಡೆದುಹಾಕದೆ ಬಿಟ್ಟ ವಾಕ್ಯವನ್ನೇ ಹೇಳಿದೆ.