ಎರಡನೆಯದೂ ಕ್ಯಾನ್ಸರ್

ಹಾನಗಲ್ಲ, 14 ನವೆಂಬರ್ 2024, ಗುರುವಾರ

ಇವತ್ತು ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿಬಂದೆವು. ನಮ್ಮ ಯಜಮಾನರ ಬಾಯಲ್ಲಿನ ಹುಣ್ಣು ಕ್ಯಾನ್ಸರ್ ಎಂಬುದಕ್ಕೆ ಹೇಗೋ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಆಮೇಲೆ ಸ್ಕ್ಯಾನಿಂಗಿನಲ್ಲಿ ಕಿಡ್ನಿಯಲ್ಲೂ ಒಂದು ಗಡ್ಡೆ ಕಂಡಿತ್ತು; ಅದೂ ಕ್ಯಾನ್ಸರ್ ಅಂತ ಇವತ್ತು ತಿಳಿಯಿತು.

"ಬಾಯಿಂದ ಹರಡಿದ್ದಲ್ರೀ ಅಕ್ಕಾರ, ಇದು ಬ್ಯಾರೆನ ಐತಿ. ಎರಡೂ ಕೂಡೇ ಬಂದಾವ. ಹರಡಿಲ್ಲ ಅನ್ನೋದು ಛಲೋ ಸುದ್ದಿ," ಎಂದರು ಡಾಕ್ಟರು.

ನಾನು ತಲೆಯಾಡಿಸಿದೆ. ಬೇರೆ ಬೇರೆಯಾಗಿ ಎರಡು ಹುಟ್ಟಬಹುದಾದರೆ ಮೂರನೆಯದು ಯಾಕೆ ಹುಟ್ಟಬಾರದು?

ಬಸ್ಸು ಬಂಕಾಪುರ ದಾಟಿದ ಮೇಲೆ ಇವರು, "ಶಿವಲೀಲಾ, ಎರಡಕ್ಕೂ ಒಂದಕ್ಕೊಂದು ಗುರ್ತ ಇಲ್ಲಂತ ನೋಡು," ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಸಂಜೆ ಬಚ್ಚಲಿನಿಂದ ಎಂದಿನಂತೆ, "ಬೆನ್ನು ತಿಕ್ಕ ಬಾ," ಎಂದು ಕರೆದರು. ಅಂಜುತ್ತಲೇ ಹೋದೆ. ಸಾಬೂನು ಹಚ್ಚುವಾಗ ಎಡ ಹೆಗಲಿನ ಕೆಳಗೆ ಕಡಲೆಯಷ್ಟು ಗಂಟು ಬೆರಳಿಗೆ ತಾಗಿತು.

"ಯಾಕ ನಿಂತಿ?" ಎಂದರು.

"ಏನಿಲ್ರಿ," ಎಂದು ನೀರು ಸುರಿದೆ.

ಮದುವೆಯಾದಾಗಿನಿಂದ ಈ ಬೆನ್ನು ತಿಕ್ಕುತ್ತ ಬಂದಿದ್ದೇನೆ. ಆ ಗಂಟು ಮೊದಲೇ ಇತ್ತೋ ಇಲ್ಲವೋ ನೆನಪಾಗುತ್ತಿಲ್ಲ. ಬೆಳಗ್ಗೆ ಇವರನ್ನೇ ಕೇಳಬೇಕು. ಆದರೆ ಇವರು ಮೊದಲು ಇರಲಿಲ್ಲ ಅಂದುಬಿಟ್ಟರೆ?