ಖಿಯೋನ್ ಎಂದರೆ ಹಿಮ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಬಂತು. ಪುಟ್ಟಿಯ ಕುತ್ತಿಗೆಯ ಮೇಲೆ ಬಿಳಿ ಮಚ್ಚೆ ಕಾಣಿಸಿಕೊಂಡಿದೆ, ಅವಳು ಚರ್ಚಿಗೆ ಹಾಡಲು ಹೋಗುವುದನ್ನೇ ಬಿಟ್ಟಿದ್ದಾಳೆ, ಮಗಳಿಗೆ ಏನು ಹೇಳಲಿ ಎಂದು ಕೇಳಿದ್ದೀಯ. ಅಪ್ಪ ನನಗೆ ಹೇಳಿದ್ದನ್ನೇ ಬರೆಯುತ್ತೇನೆ. ಅವಳಿಗೆ ಓದಿ ಹೇಳು.

ನನಗೂ ಆಗ ಅವಳದೇ ವಯಸ್ಸು. ಮೊದಲು ಮೊಣಕೈ, ಆಮೇಲೆ ತುಟಿಯ ಅಂಚು. ಬೈಬಲಿನಲ್ಲಿ ಮೋಶೆಯ ಅಕ್ಕ ಮಿರ್ಯಾಮಳು ತಮ್ಮನನ್ನು ಆಡಿಕೊಂಡದ್ದಕ್ಕೆ ಅವಳ ಮೈ ಹಿಮದಂತೆ ಬೆಳ್ಳಗಾಯಿತಲ್ಲ, ಆ ಕಥೆಯನ್ನು ಚರ್ಚಿನ ಖಜಾಂಚಿಯ ಹೆಂಡತಿ ಎಲ್ಲರ ಮುಂದೆ ತೆಗೆದರು. ಯಾರ ಪಾಪವೋ ಏನೋ, ಈ ಹುಡುಗಿ ಹಿಂದಿನ ಸಾಲಿನಲ್ಲಿ ನಿಂತು ಹಾಡಲಿ ಎಂದರು. ನಾನು ಮನೆಗೆ ಬಂದವಳೇ ಕೋಣೆಯ ಚಿಲಕ ಹಾಕಿಕೊಂಡೆ.

ಅಪ್ಪನ ಗ್ರೀಕ್ ಹುಚ್ಚು ನಿನಗೆ ನೆನಪಿದೆಯಲ್ಲ. ಪಾದ್ರಿಯಾಗಲು ಬಂದ ಹುಡುಗರಿಗೆ ದಿನವೆಲ್ಲ ಪಾಠ ಹೇಳಿದ್ದು ಸಾಲದೆ, ಊಟದ ಮೇಜಿನ ಮೇಲೂ ಆ ದಪ್ಪ ನಿಘಂಟು ತಟ್ಟೆಗಳ ನಡುವೆ ಕೂರುತ್ತಿತ್ತು. ಹಿಮ ಬೀಳುವುದನ್ನು ಮಾತ್ರ ಅವರು ಕಂಡವರಲ್ಲ. ಅಂದು ಫ್ರಿಜ್ಜಿನ ಗೋಡೆಗೆ ಕಟ್ಟಿದ್ದ ಮಂಜನ್ನು ಚಮಚದಿಂದ ಕೆರೆದು ಬಟ್ಟಲಿನಲ್ಲಿ ತಂದರು.

"ಬಾಗಿಲು ತೆಗಿ ಮಗಳೇ, ಕರಗಿಹೋಗುತ್ತೆ!"

"ಮೊದಲು ಫ್ರಿಜ್ ಮುಚ್ಚಿ ಬನ್ನಿ, ಹಾಲು ಕೆಡುತ್ತೆ!" ಎಂದು ಅಮ್ಮ ಒಳಗಿನಿಂದ ಕೂಗುತ್ತಿದ್ದಳು.

ಆ ತಣ್ಣನೆಯ ಪುಡಿಯನ್ನು ನನ್ನ ಅಂಗೈಯಲ್ಲಿಟ್ಟು ಅಪ್ಪ ಹೇಳಿದರು: "ಇದಕ್ಕೆ ಗ್ರೀಕಿನಲ್ಲಿ ಖಿಯೋನ್ ಅಂತಾರೆ. ಮಿರ್ಯಾಮಳ ಚರ್ಮಕ್ಕೂ ಇದೇ ಪದ. ಪಾಪ ತೊಳೆದ ಮನಸ್ಸಿಗೂ ಇದೇ. ಖಾಲಿ ಸಮಾಧಿಯ ಹತ್ತಿರ ಕೂತಿದ್ದ ದೇವದೂತನ ಬಟ್ಟೆಗೂ ಇದೇ. ಪದ ಏನು ಮಾಡೀತು ಪಾಪ? ಪಕ್ಕದಲ್ಲಿ ಏನು ನಿಂತಿದೆ ಅನ್ನೋದರ ಮೇಲೆ ಅದರ ಅರ್ಥ."

ಮುಂದಿನ ವಾರ ಚರ್ಚಿನಲ್ಲಿ ಖಜಾಂಚಿಯ ಹೆಂಡತಿ ಮತ್ತೆ ನನ್ನನ್ನು ಹಿಂದಕ್ಕೆ ಹೋಗೆಂದು ಕೈ ಮಾಡಿದಾಗ ಅಪ್ಪ ಎದ್ದು ನಿಂತರು. "ಅಮ್ಮಾ, ಹಿಮದಷ್ಟು ಬಿಳಿ ಬಟ್ಟೆಯ ಆ ದೇವದೂತ ಬಂದರೆ ಅವನನ್ನೂ ಹಿಂದಿನ ಸಾಲಿಗೆ ಕಳಿಸ್ತೀರಾ?"

ಯಾರೋ ಕಿಸಕ್ಕನೆ ನಕ್ಕರು. ಆಕೆ ಮುಖ ಗಂಟಿಕ್ಕಿ ಕೂತರು. ಆದರೂ ನನಗೆ ಕಾಲೇ ಬರಲಿಲ್ಲ. ಆಗ ನೀನು ಬಂದೆ, ನನ್ನ ಕೈ ಹಿಡಿದು ದರದರ ಎಳೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ನಿಲ್ಲಿಸಿಕೊಂಡೆ. ನಿನಗೋ ಹಾಡಲು ಬಾರದು. ನಿನ್ನ ಅಪಸ್ವರ ಕೇಳಿ ನಗು ಬಂದು, ನಾನೂ ಹಾಡತೊಡಗಿದೆ. ಅಪ್ಪ ಹೇಳಿದ್ದು ತಲೆಗೆ ಹೋದದ್ದು ಆಗಲೇ.

ಮಚ್ಚೆ ಮಾಯವಾಗುತ್ತದೆ ಎಂದು ಪುಟ್ಟಿಗೆ ಸುಳ್ಳು ಭರವಸೆ ಕೊಡಬೇಡ. ವೈದ್ಯರಿಗೆ ತೋರಿಸು. ಜನ ನೋಡುತ್ತಾರೆ, ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿಯುತ್ತದೆ. ಚಿಕ್ಕಮ್ಮನಿಗಂತೂ ಬ್ಯಾಗ್ ಇಡಲು ಅನುಕೂಲವೇ ಆಯಿತು ಅನ್ನು. ಬರುವ ಭಾನುವಾರ ನೀನೇ ಅವಳ ಪಕ್ಕ ಹೋಗಿ ನಿಲ್ಲು.

ನಿನ್ನ ಅಕ್ಕರೆಯ
ತಂಗಿ

ತಾ.ಕ.: ಇದನ್ನು ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಪೆನ್ನು ಕಚ್ಚುತ್ತಿದ್ದೆ. ಮುಂದಿನ ತಿಂಗಳು ನನ್ನ ಮದುವೆ. ನಗಬೇಡ, ಐವತ್ತು ದಾಟಿದವರದೂ ಮದುವೆಯೇ. ಅವರು ಚರ್ಚುಗಳ ಆರ್ಗನ್ ರಿಪೇರಿ ಮಾಡುವವರು, ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು. ಅಡುಗೆ ಬರುತ್ತಾ ಎಂದು ಕೇಳಿದರು. ಬರಲ್ಲ ಎಂದೆ. ಸದ್ಯ, ನನ್ನ ಪಾತ್ರೆಗಳಿಗೆ ಯಾರೂ ಕೈ ಹಾಕಲ್ಲ ಎಂದು ಖುಷಿಪಟ್ಟರು. ಇನ್ನೇನನ್ನೂ ಕೇಳಲಿಲ್ಲ ಅಕ್ಕಾ.